ಬೋರ್ಬನ್: ಬಿಸ್ಕತ್ತೋ, ವಿಸ್ಕಿಯೋ, ಗುಲಾಬಿಯೋ? ಗುರುತು ಹಿಡಿಯುವುದು ಹೇಗೆ

ನಮ್ಮ ಕಡೆ ಬೋರ್ಬನ್ ಎಂದರೆ ಬಿಸ್ಕತ್ತು. ಉದ್ದನೆಯ ಆಕಾರ, ಮೇಲೆ ಸಕ್ಕರೆ ಹರಳು, ಸಾಲಾಗಿ ತೂತುಗಳು, ನಡುವೆ ಚಾಕೊಲೇಟ್ ಕ್ರೀಮು. ಅದಕ್ಕೆ ಬೇರೆ ಅರ್ಥ ಇದ್ದೀತೆಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಆದರೆ ಅದೇ ಪದ ಅಮೆರಿಕದ ಹೋಟೆಲಿನ ಮೆನುವಿನಲ್ಲಿ ಸಾಸ್ ಪಕ್ಕದಲ್ಲಿ, ಕಾಫಿ ಪೊಟ್ಟಣದ ಮೇಲೆ ‘ರೆಡ್’ ಎಂಬುದರ ಜೊತೆಗೆ, ಕೇಕಿಗೆ ಹಾಕುವ ವೆನಿಲ್ಲಾ ಸೀಸೆಯ ಮೇಲೆ, ಫ್ರಾನ್ಸಿನ ಇತಿಹಾಸ ಓದುವಾಗ ಎದುರಾದರೆ ಗೊಂದಲ ಶುರುವಾಗುತ್ತದೆ. ಮದ್ಯ ಮುಟ್ಟದವರಿಗೆ, ಮಕ್ಕಳಿಗೆ ತಿನ್ನಿಸುವವರಿಗೆ, ಮಗನ ಮನೆಗೋ ಮಗಳ ಮನೆಗೋ ಎಂದು ಮೊದಲ ಸಲ ಪರದೇಶಕ್ಕೆ ಹೊರಟ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ತಿನ್ನಬಾರದ್ದನ್ನು ತಿಳಿಯದೆ ತಿಂದೆವಲ್ಲಾ ಎಂದು ಕೊರಗುವವರಿದ್ದಾರೆ. ಧಾರಾಳವಾಗಿ ತಿನ್ನಬಹುದಾದ್ದನ್ನು ಸುಮ್ಮನೆ ಹೆದರಿ ಬಿಟ್ಟವರೂ ಇದ್ದಾರೆ. ಎರಡೂ ಆಗಬಾರದು ಎಂಬುದೇ ಈ ಬರಹದ ಉದ್ದೇಶ.

ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬೋರ್ಬನ್ ಎಂಬುದನ್ನು ಎಂದೂ ಒಂಟಿಯಾಗಿ ಓದಬೇಡಿ. ಅದರ ಪಕ್ಕದಲ್ಲಿ ಯಾವ ಪದವಿದೆ, ಅದು ಬಂದದ್ದು ಯಾವ ದೇಶದಿಂದ ಎಂದು ನೋಡಿ. ನೂರಕ್ಕೆ ತೊಂಬತ್ತು ಸಲ ಅರ್ಥ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಹೆಜ್ಜೆ 1: ಹೆಸರಿನ ಬೇರು ತಿಳಿದುಕೊಳ್ಳಿ

ಫ್ರಾನ್ಸಿನ ನಡುಭಾಗದಲ್ಲಿ ಬೂರ್ಬೋನ್ ಲಾರ್ಷಾಂಬೋ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಪಾಳೆಯಗಾರರ ಮನೆತನಕ್ಕೆ ಊರಿನ ಹೆಸರೇ ಬಂತು. 1589ರಲ್ಲಿ ಆ ಮನೆತನದ ನಾಲ್ಕನೇ ಹೆನ್ರಿ ಫ್ರಾನ್ಸಿನ ದೊರೆಯಾದ. ಅಲ್ಲಿಂದ ಮುಂದೆ ಈ ಹೆಸರು ಹಡಗು ಹತ್ತಿ ಪ್ರಪಂಚವೆಲ್ಲ ಸುತ್ತಿತು. ದೊರೆಗಳ ಹೆಸರನ್ನು ಊರಿಗೆ, ಬೀದಿಗೆ, ದ್ವೀಪಕ್ಕೆ ಇಡುವುದು ಆ ಕಾಲದ ಪದ್ಧತಿ.

ಮುಖ್ಯವಾಗಿ ಎರಡು ಕವಲುಗಳಿವೆ. ಒಂದು ಅಮೆರಿಕಕ್ಕೆ ಹೋಯಿತು. ಸ್ವಾತಂತ್ರ್ಯ ಹೋರಾಟದಲ್ಲಿ ಫ್ರಾನ್ಸ್ ಮಾಡಿದ ನೆರವಿನ ಋಣಕ್ಕಾಗಿ, 1785ರಲ್ಲಿ, ಇಂದಿನ ಕೆಂಟಕಿಯಲ್ಲಿರುವ ಒಂದು ಜಿಲ್ಲೆಗೆ ಬೋರ್ಬನ್ ಕೌಂಟಿ ಎಂದು ಹೆಸರಿಟ್ಟರು. ಅದರ ಕೇಂದ್ರಪಟ್ಟಣದ ಹೆಸರು ಪ್ಯಾರಿಸ್. ಅದಕ್ಕೂ ಮೊದಲೇ ಫ್ರೆಂಚರು ಕಟ್ಟಿದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಬೋರ್ಬನ್ ಸ್ಟ್ರೀಟ್ ಇತ್ತು. ಇನ್ನೊಂದು ಕವಲು ಹಿಂದೂ ಮಹಾಸಾಗರಕ್ಕೆ ಬಂತು. ಮಡಗಾಸ್ಕರಿನ ಪೂರ್ವಕ್ಕಿರುವ, ಇಂದು ರೆಯೂನಿಯನ್ ಎಂದು ಕರೆಯುವ ದ್ವೀಪಕ್ಕೆ 1649ರಲ್ಲಿ ಬೋರ್ಬನ್ ದ್ವೀಪ ಎಂದು ಹೆಸರಾಯಿತು. ಕ್ರಾಂತಿಯಾಗಿ ದೊರೆಯ ತಲೆ ಉರುಳಿದ 1793ರಲ್ಲೇ ಆ ಹೆಸರನ್ನೂ ಕಿತ್ತುಹಾಕಿದರು. ನಡುವೆ ಮತ್ತೆ ಅದೇ ಹೆಸರು ಬಂತು, 1848ರಲ್ಲಿ ಕಡೆಯದಾಗಿ ಹೋಯಿತು. ದ್ವೀಪಕ್ಕೆ ಹೆಸರು ಹೋದರೂ ಅಲ್ಲಿಂದ ಹೊರಟ ಬೆಳೆಗಳಿಗೆ ಉಳಿದುಕೊಂಡಿತು.

ಈ ಎರಡು ಕವಲು ತಲೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಅಮೆರಿಕದ ಕವಲಿನದು ಮದ್ಯ, ಅಡುಗೆ, ಬೀದಿ. ದ್ವೀಪದ ಕವಲಿನದು ಕಾಫಿ, ವೆನಿಲ್ಲಾ, ಗುಲಾಬಿ, ಸುಗಂಧ. ಬಿಸ್ಕತ್ತು ಎರಡಕ್ಕೂ ಸೇರದೆ ಲಂಡನ್ನಿನಿಂದ ಬೇರೆಯಾಗಿ ಬಂದದ್ದು.

ಹೆಜ್ಜೆ 2: ಯಾರು, ಎಲ್ಲಿ ಹೇಳುತ್ತಿದ್ದಾರೆ ನೋಡಿ

ಬ್ರಿಟನ್ನಿನಲ್ಲಿ ಸಂಜೆ ಟೀ ಹೊತ್ತಿಗೆ ಯಾರಾದರೂ ‘ಬೋರ್ಬನ್ ಬೇಕೇ’ ಎಂದರೆ ಅದು ಬಿಸ್ಕತ್ತು, ಅನುಮಾನ ಬೇಡ. ಅಲ್ಲಿನವರು ಅದನ್ನು ಎಣಿಸಿ ಹೇಳುತ್ತಾರೆ, ಎರಡು ಬೋರ್ಬನ್, ಮೂರು ಬೋರ್ಬನ್ ಅಂತ. ಅಮೆರಿಕದಲ್ಲಿ ಬರಿಯ ಬೋರ್ಬನ್ ಎಂದರೆ ವಿಸ್ಕಿ. ಬಹಳಷ್ಟು ಅಮೆರಿಕನ್ನರಿಗೆ ಆ ಹೆಸರಿನ ಬಿಸ್ಕತ್ತು ಇರುವುದೇ ಗೊತ್ತಿಲ್ಲ. ಹಾಗಾಗಿ ಅಲ್ಲಿ ಶಾಲೆಗೆ ಹೋಗುವ ನಿಮ್ಮ ಮೊಮ್ಮಗ ‘ನಾನು ಬೆಳಿಗ್ಗೆ ಬೋರ್ಬನ್ ತಿಂದೆ’ ಎಂದು ಟೀಚರ ಬಳಿ ಹೇಳಿದರೆ ಅವರು ಗಾಬರಿಯಾಗುವುದು ಸಹಜ. ‘ಚಾಕೊಲೇಟ್ ಬಿಸ್ಕತ್ತು’ ಅಥವಾ ಅಲ್ಲಿನವರ ಮಾತಿನಲ್ಲಿ ‘ಚಾಕೊಲೇಟ್ ಕುಕಿ’ ಎಂದು ಹೇಳಿಕೊಡಿ.

ಪಕ್ಕದ ಪದಗಳನ್ನು ಹೀಗೆ ಗುರುತಿಟ್ಟುಕೊಳ್ಳಿ. ನೀಟ್, ಆನ್ ದ ರಾಕ್ಸ್, ಸ್ಟ್ರೇಟ್, ಬ್ಯಾರಲ್, ಪ್ರೂಫ್, ಕೆಂಟಕಿ ಎಂಬವು ಬಂದರೆ ವಿಸ್ಕಿ. ಕ್ರೀಮ್, ಪ್ಯಾಕೆಟ್, ಟೀ ಬಂದರೆ ಬಿಸ್ಕತ್ತು. ರೆಡ್, ಯೆಲ್ಲೋ, ಅರೇಬಿಕಾ, ವಾಶ್ಡ್, ನ್ಯಾಚುರಲ್ ಬಂದರೆ ಕಾಫಿಯ ತಳಿ. ದೊರೆ, ವಂಶ, ರಾಣಿ, ಪುನಃಸ್ಥಾಪನೆ ಬಂದರೆ ರಾಜಮನೆತನ. ಬರವಣಿಗೆಯಲ್ಲಿ ಇನ್ನೊಂದು ಸುಳಿವೂ ಇದೆ: ರಾಜವಂಶ, ಊರು, ಬೀದಿ, ಕಾಫಿ ತಳಿಗಳನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರದಿಂದ ಬರೆಯುತ್ತಾರೆ, ವಿಸ್ಕಿಯನ್ನು ಸಾಮಾನ್ಯವಾಗಿ ಚಿಕ್ಕಕ್ಷರದಿಂದ. ಇದನ್ನೊಂದನ್ನೇ ನಂಬಿ ಕೂರಬೇಡಿ. ಮೆನು ಬರೆಯುವವರು ಎಲ್ಲಕ್ಕೂ ದೊಡ್ಡಕ್ಷರ ಹಾಕಿಬಿಡುತ್ತಾರೆ.

ಹೆಜ್ಜೆ 3: ಬಿಸ್ಕತ್ತಿನ ಬಗ್ಗೆ ನಿಶ್ಚಿಂತರಾಗಿ

ಲಂಡನ್ನಿನ ಬರ್ಮಂಡ್ಸಿಯಲ್ಲಿದ್ದ ಪೀಕ್ ಫ್ರೀನ್ಸ್ ಕಂಪನಿ 1910ರಲ್ಲಿ ಈ ಬಿಸ್ಕತ್ತನ್ನು ತಂದಿತು. ಮೊದಲು ಇಟ್ಟ ಹೆಸರು ‘ಕ್ರಿಯೋಲಾ’. ಆಮೇಲೆ ಫ್ರೆಂಚ್ ರಾಜಮನೆತನದ ಹೆಸರು ಬಂತು. ರಾಜರಾಣಿಯರ ಹೆಸರಿಡುವುದು ಆ ಕಂಪನಿಗೆ ಹೊಸದಲ್ಲ, ನಮ್ಮ ಮನೆಗಳಲ್ಲಿ ಜ್ವರ ಬಂದವರಿಗೆ ಕೊಡುವ ಮಾರಿ ಬಿಸ್ಕತ್ತು ಕೂಡ ಅವರು 1874ರಲ್ಲಿ ರಷ್ಯಾದ ರಾಜಕುಮಾರಿ ಮಾರಿಯಾಳ ಮದುವೆಯ ನೆನಪಿಗೆ ಮಾಡಿದ್ದು. ಭಾರತದಲ್ಲಿ ಬ್ರಿಟಾನಿಯಾ ಬೋರ್ಬನ್ ಬಂದದ್ದು 1955ರಲ್ಲಿ. ಮೈದಾ, ಸಕ್ಕರೆ, ಕೊಬ್ಬು, ಕೋಕೋ ಇದರ ಸಾಮಗ್ರಿ. ವಿಸ್ಕಿಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ. ಮೇಲಿನ ತೂತುಗಳು ಅಲಂಕಾರಕ್ಕಲ್ಲ. ಬೇಯುವಾಗ ಹಬೆ ಹೊರಹೋಗಿ ಬಿಸ್ಕತ್ತು ಉಬ್ಬದೆ ಚಪ್ಪಟೆಯಾಗಿ ಉಳಿಯಲಿ ಎಂದು.

ಜಪಾನಿನ ಪೊಟ್ಟಣ ಕೈಗೆ ಬಂದರೆ ಮಾತ್ರ ಸ್ವಲ್ಪ ನಿಲ್ಲಿ. ಅಲ್ಲಿ ಬೋರ್ಬನ್ ಎಂಬುದು ನೀಗಾತ ಪ್ರಾಂತ್ಯದ ಒಂದು ದೊಡ್ಡ ತಿಂಡಿ ಕಂಪನಿಯ ಹೆಸರು. ಅವರ ಎಲ್ಲ ಪೊಟ್ಟಣಗಳ ಮೇಲೂ ಅದು ಇರುತ್ತದೆ. ಒಳಗೆ ಚಾಕೊಲೇಟ್ ಇರಬಹುದು, ಉಪ್ಪಿನ ತಿಂಡಿಯೂ ಇರಬಹುದು.

ಹೆಜ್ಜೆ 4: ವಿಸ್ಕಿಯ ಲೇಬಲ್ ಓದಲು ಕಲಿಯಿರಿ

ನೀವು ಕುಡಿಯದವರಾದರೂ ಇದು ತಿಳಿದಿರಬೇಕು, ಯಾಕೆಂದರೆ ಅಡುಗೆ, ಸಿಹಿಗಳಿಗೆ ಈ ಹೆಸರು ಹಬ್ಬಿದ್ದು ಹೆಚ್ಚಾಗಿ ಇಲ್ಲಿಂದಲೇ.

ಬೋರ್ಬನ್ ಎಂಬುದು ಬ್ರ್ಯಾಂಡ್ ಅಲ್ಲ, ಕಾನೂನು ಕಟ್ಟಿಕೊಟ್ಟ ಒಂದು ವರ್ಗ. ಅಮೆರಿಕದ ನಿಯಮದ ಪ್ರಕಾರ ಅದು ಅಮೆರಿಕದಲ್ಲೇ ತಯಾರಾಗಬೇಕು. ಕೊಳೆಸುವ ಧಾನ್ಯದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಮುಸುಕಿನ ಜೋಳ ಇರಬೇಕು. ಮಿಕ್ಕದ್ದು ಸಾಮಾನ್ಯವಾಗಿ ರೈ ಅಥವಾ ಗೋಧಿ, ಜೊತೆಗೆ ಮೊಳಕೆ ಕಟ್ಟಿದ ಬಾರ್ಲಿ. ಭಟ್ಟಿಯಿಂದ ಇಳಿಯುವಾಗ ಆಲ್ಕೋಹಾಲ್ ಶೇ. 80 ಮೀರಬಾರದು, ಪೀಪಾಯಿಗೆ ತುಂಬುವಾಗ ಶೇ. 62.5 ಮೀರಬಾರದು, ಸೀಸೆಗೆ ತುಂಬುವಾಗ ಶೇ. 40ಕ್ಕಿಂತ ಇಳಿಯಬಾರದು. ಪೀಪಾಯಿ ಹೊಸದಾಗಿರಬೇಕು, ಓಕ್ ಮರದ್ದಾಗಿರಬೇಕು, ಒಳಗೋಡೆಯನ್ನು ಬೆಂಕಿಯಲ್ಲಿ ಕರಕಲು ಮಾಡಿರಬೇಕು. ಬಣ್ಣ, ಪರಿಮಳ ಏನನ್ನೂ ಮೇಲಿಂದ ಸೇರಿಸುವಂತಿಲ್ಲ. ಆ ಕಂದು ಬಣ್ಣ, ವೆನಿಲ್ಲಾದಂಥ ಸಿಹಿವಾಸನೆ ಎಲ್ಲ ಸುಟ್ಟ ಓಕ್ ಕೊಟ್ಟದ್ದೇ. 1964ರಲ್ಲಿ ಅಮೆರಿಕದ ಸಂಸತ್ತು ಇದನ್ನು ತಮ್ಮ ದೇಶದ ವಿಶಿಷ್ಟ ಉತ್ಪನ್ನವೆಂದು ನಿರ್ಣಯ ಮಾಡಿತು.

ಕೆಂಟಕಿಯಲ್ಲಿ ಮಾಡಿದರಷ್ಟೇ ಬೋರ್ಬನ್ ಎಂದು ಅನೇಕರು ಹೇಳುತ್ತಾರೆ. ಅದು ಸರಿಯಲ್ಲ. ಬಹುಪಾಲು ಅಲ್ಲೇ ಆಗುತ್ತದೆ, ನಿಜ. ಆದರೆ ನಿಯಮ ಯಾವ ರಾಜ್ಯಕ್ಕೂ ಅಡ್ಡಿ ಮಾಡುವುದಿಲ್ಲ. ಈ ಹೆಸರು ಕೌಂಟಿಯಿಂದ ಬಂತೋ ನ್ಯೂ ಆರ್ಲಿಯನ್ಸಿನ ಬೀದಿಯಿಂದ ಬಂತೋ ಎಂಬ ವಾದ ಇತಿಹಾಸಕಾರರ ನಡುವೆ ಇನ್ನೂ ಮುಗಿದಿಲ್ಲ. ಎರಡರ ಹಿಂದೆಯೂ ಇರುವುದು ಅದೇ ರಾಜಮನೆತನ.

ಲೇಬಲ್ ಮೇಲಿನ ಕೆಲವು ಪದಗಳಿಗೆ ಕಾನೂನಿನ ತೂಕವಿದೆ. ‘ಸ್ಟ್ರೇಟ್’ ಎಂದಿದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿತ್ತು. ನಾಲ್ಕು ವರ್ಷಕ್ಕಿಂತ ಕಡಿಮೆಯಿದ್ದರೆ ಎಷ್ಟು ಕಾಲ ಎಂದು ಬರೆಯಲೇಬೇಕು. ‘ಬಾಟಲ್ಡ್ ಇನ್ ಬಾಂಡ್’ ಎಂಬುದು 1897ರ ಕಾಯ್ದೆಯ ಮಾತು: ಒಂದೇ ಭಟ್ಟಿಯಲ್ಲಿ ಒಂದೇ ಹಂಗಾಮಿನಲ್ಲಿ ಇಳಿಸಿ, ಸರ್ಕಾರದ ನಿಗಾದ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಇಟ್ಟು, ಶೇ. 50 ಆಲ್ಕೋಹಾಲಿನಲ್ಲಿ ತುಂಬಿದ್ದು. ‘ಸ್ಮಾಲ್ ಬ್ಯಾಚ್’ ಎಂಬುದಕ್ಕೆ ಅಂಥ ಯಾವ ವ್ಯಾಖ್ಯೆಯೂ ಇಲ್ಲ, ಅದು ಮಾರಾಟದ ಮಾತು. ‘ಪ್ರೂಫ್’ ಎಂಬ ಅಂಕಿ ಕಂಡರೆ ಅರ್ಧ ಮಾಡಿ. ಅಮೆರಿಕದಲ್ಲಿ 80 ಪ್ರೂಫ್ ಎಂದರೆ ಶೇ. 40. ಜಾಕ್ ಡೇನಿಯಲ್ಸ್‌ ಅನ್ನು ಬೋರ್ಬನ್ ಎಂದು ಕರೆದರೆ ಟೆನ್ನೆಸ್ಸಿಯವರು ತಿದ್ದುತ್ತಾರೆ. ಅದನ್ನು ಪೀಪಾಯಿಗೆ ಹಾಕುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಸೋಸುತ್ತಾರೆ, ಲೇಬಲ್ ಮೇಲೆ ಟೆನ್ನೆಸ್ಸಿ ವಿಸ್ಕಿ ಎಂದೇ ಬರೆಯುತ್ತಾರೆ.

ಪೀಪಾಯಿ ಪ್ರತಿ ಸಲವೂ ಹೊಸದೇ ಆಗಬೇಕು ಎಂಬ ಆ ಒಂದು ನಿಯಮದಿಂದ ನಮ್ಮೂರಿನವರೆಗೂ ಒಂದು ಎಳೆ ಬಂದಿದೆ. ಒಮ್ಮೆ ಬಳಸಿದ ಪೀಪಾಯಿ ಬೋರ್ಬನ್ ಮಾಡುವವರಿಗೆ ಮತ್ತೆ ಉಪಯೋಗವಿಲ್ಲ. ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಯಂಥ ಕಡೆಗೂ ಬರುತ್ತವೆ. ಅಲ್ಲಿ ಅವುಗಳಲ್ಲಿ ಸಿಂಗಲ್ ಮಾಲ್ಟ್ ಮಾಗುತ್ತದೆ. ಅಂಥ ಸೀಸೆಯ ಮೇಲೆ ‘ಬೋರ್ಬನ್ ಕಾಸ್ಕ್’ ಎಂದು ಕಂಡರೆ ಒಳಗಿರುವುದು ಬೋರ್ಬನ್ ಅಲ್ಲ, ಬಾರ್ಲಿಯ ವಿಸ್ಕಿ. ಪೀಪಾಯಿಯ ಪೂರ್ವಾಶ್ರಮವನ್ನಷ್ಟೇ ಆ ಪದ ಹೇಳುತ್ತಿದೆ.

ಹೆಜ್ಜೆ 5: ತಟ್ಟೆಯಲ್ಲಿ ಮದ್ಯ ಇದೆಯೇ? ಹೀಗೆ ಪರೀಕ್ಷಿಸಿ

ಮದ್ಯ ಮುಟ್ಟದವರ ಮಟ್ಟಿಗೆ ಇದೇ ಮುಖ್ಯ ಭಾಗ, ನಿಧಾನವಾಗಿ ಓದಿ.

ಅಮೆರಿಕದ ಮೆನುವಿನಲ್ಲಿ ‘ಬೋರ್ಬನ್ ಸಾಸ್’, ‘ಬೋರ್ಬನ್ ಗ್ಲೇಜ್’, ‘ಬೋರ್ಬನ್ ಪೀಕಾನ್ ಪೈ’ ಎಂದಿದ್ದರೆ ವಿಸ್ಕಿ ಹಾಕಿದ್ದಾರೆ ಎಂದೇ ತಿಳಿಯಿರಿ. ನ್ಯೂ ಆರ್ಲಿಯನ್ಸಿನ ಬ್ರೆಡ್ ಪುಡ್ಡಿಂಗ್ ಮೇಲೆ ಸುರಿಯುವ ಸಾಸ್ ಕೂಡ ಅದೇ. ಮಾಲ್‌ಗಳಲ್ಲಿ ಸಿಗುವ ‘ಬೋರ್ಬನ್ ಚಿಕನ್’ ಮಾತ್ರ ಬೇರೆ: ಆ ಹೆಸರು ಬೋರ್ಬನ್ ಸ್ಟ್ರೀಟಿನ ಕಡೆಯಿಂದ ಬಂದದ್ದು ಎನ್ನುತ್ತಾರೆ, ಸೋಯಾ ಸಾಸ್ ಮತ್ತು ಸಕ್ಕರೆಯ ಆ ಅಡುಗೆಗೆ ಕೆಲವರು ವಿಸ್ಕಿ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕೇಳದೆ ತಿಳಿಯುವ ದಾರಿಯಿಲ್ಲ.

ನಮ್ಮವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ‘ಬೋರ್ಬನ್ ಬಾಲ್’ ಎಂಬ ಸಿಹಿಯ ಬಗ್ಗೆ. ನೋಡಲು ಚಾಕೊಲೇಟ್ ಲಾಡಿನಂತಿರುತ್ತದೆ. ಬೋರ್ಬನ್ ಎಂದರೆ ಬಿಸ್ಕತ್ತು ಎಂದೇ ತಿಳಿದವರು ಬಿಸ್ಕತ್ತು ಪುಡಿ ಮಾಡಿ ಕಟ್ಟಿದ ಉಂಡೆ ಅಂದುಕೊಂಡು ಮಗುವಿನ ಕೈಗೆ ಕೊಟ್ಟುಬಿಡಬಹುದು. ಕೆಂಟಕಿಯ ಈ ಸಿಹಿಯಲ್ಲಿ ಇರುವುದು ವಿಸ್ಕಿ. ಒಲೆಯ ಮೇಲೆ ಬೇಯಿಸುವುದಿಲ್ಲವಾದ್ದರಿಂದ ಹಾಕಿದ ಆಲ್ಕೋಹಾಲ್ ಹಾಗೇ ಉಳಿದಿರುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಬಿಟ್ಟು ಚೇತರಿಸಿಕೊಳ್ಳುತ್ತಿರುವವರಿಗೆ ಇದನ್ನು ಖಂಡಿತ ಕೊಡಬೇಡಿ.

‘ಬೇಯಿಸಿದರೆ ಎಲ್ಲ ಆರಿಹೋಗುತ್ತದೆ, ತಿನ್ನಿ’ ಎಂದು ಬಡಿಸುವವರು ಪ್ರೀತಿಯಿಂದ ಹೇಳಬಹುದು. ಅದು ಪೂರ್ತಿ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ ಕೋಷ್ಟಕದಲ್ಲಿ, ಕಲಸಿ ಕುದಿಸಿದ ಅಡುಗೆಯಲ್ಲಿ 15 ನಿಮಿಷದ ನಂತರವೂ ಹಾಕಿದ ಆಲ್ಕೋಹಾಲಿನ ಸುಮಾರು ಶೇ. 40 ಉಳಿದಿರುತ್ತದೆ, ಒಂದು ಗಂಟೆಗೆ ಶೇ. 25, ಎರಡೂವರೆ ಗಂಟೆಗೆ ಶೇ. 5. ಮೇಲೆ ಬೆಂಕಿ ಹಚ್ಚಿ ಉರಿಸಿ ತೋರಿಸುವ ಅಡುಗೆಯಲ್ಲಿ ಉಳಿಯುವುದು ಇನ್ನೂ ಹೆಚ್ಚು, ಸುಮಾರು ಶೇ. 75. ಒಟ್ಟು ಪ್ರಮಾಣ ಸಣ್ಣದೇ ಇರಬಹುದು. ತಿನ್ನಬೇಕೋ ಬೇಡವೋ ಎಂಬುದು ನಿಮ್ಮ ನಿರ್ಧಾರ. ಆದರೆ ನಿರ್ಧಾರ ಮಾಡುವುದಕ್ಕೆ ಸರಿಯಾದ ಮಾಹಿತಿ ಬೇಕು.

ಹೋಟೆಲಿನಲ್ಲಿ ಕೇಳುವಾಗ ‘ಇದರಲ್ಲಿ ಬೋರ್ಬನ್ ಇದೆಯೇ’ ಎಂದು ಕೇಳಬೇಡಿ, ಹೆಸರಲ್ಲೇ ಇದೆಯಲ್ಲ ಎಂಬ ಉತ್ತರ ಬರುತ್ತದೆ. ‘ಇದರಲ್ಲಿ ಆಲ್ಕೋಹಾಲ್ ಇದೆಯೇ, ನಾನು ತೆಗೆದುಕೊಳ್ಳುವುದಿಲ್ಲ’ ಎಂದು ನೇರವಾಗಿ ಹೇಳಿ. ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ಅಡುಗೆಯವರನ್ನು ಕೇಳಿಬರಲು ಹೇಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಶೇಂಗಾ ಆಗದವರು ದಿನವೂ ಹೀಗೇ ಕೇಳುತ್ತಾರೆ.

ಪೊಟ್ಟಣದ ತಿನಿಸಾದರೆ ಹಿಂಬದಿಯ ಸಾಮಗ್ರಿ ಪಟ್ಟಿ ಓದಿ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕಡೆಗೆ, ಇದು ಪಟ್ಟಿಯ ಕ್ರಮ. ಭಾರತದ ಪೊಟ್ಟಣದ ಹಸಿರು ಚುಕ್ಕೆಯನ್ನು ನೋಡಿ ಮದ್ಯವಿಲ್ಲ ಎಂದು ತೀರ್ಮಾನಿಸಬೇಡಿ. ಆ ಚುಕ್ಕೆ ಮಾಂಸ, ಮೊಟ್ಟೆ ಇಲ್ಲ ಎಂದಷ್ಟೇ ಹೇಳುತ್ತದೆ, ಮದ್ಯದ ಮಾತು ಅದರ ವ್ಯಾಪ್ತಿಯಲ್ಲಿಲ್ಲ.

ಹೆಜ್ಜೆ 6: ದ್ವೀಪದ ಕವಲನ್ನು ಬೇರೆಯಾಗಿ ಇಡಿ

ಇನ್ನು ಮದ್ಯದ ಸೋಂಕಿಲ್ಲದ ಬೋರ್ಬನ್‌ಗಳು. ನನಗೆ ಈ ಪದದ ಅತ್ಯಂತ ಸೊಗಸಾದ ಭಾಗ ಇದೇ, ಯಾಕೆಂದರೆ ಇದು ನಮ್ಮ ತೋಟದ ಬೇಲಿಯವರೆಗೂ ಬರುತ್ತದೆ.

ಕಾಫಿಯಿಂದ ಶುರು ಮಾಡೋಣ. 18ನೇ ಶತಮಾನದ ಆರಂಭದಲ್ಲಿ ಫ್ರೆಂಚರು ಯೆಮೆನ್‌ನಿಂದ ಬೋರ್ಬನ್ ದ್ವೀಪಕ್ಕೆ ಕಾಫಿ ಗಿಡ ಒಯ್ದರು. ಅಲ್ಲಿ ನೆಲೆಯಾದ ಅರೇಬಿಕಾ ತಳಿಗೆ ದ್ವೀಪದ ಹೆಸರಾಯಿತು. ಆಮೇಲೆ ಅದು ಬ್ರೆಜಿಲ್, ಮಧ್ಯ ಅಮೆರಿಕ, ಆಫ್ರಿಕಾ ಎಲ್ಲ ಕಡೆ ಹಬ್ಬಿತು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಎಸ್.795, ಚಂದ್ರಗಿರಿ ಎಂದು ತಳಿ ಹೇಳುವ ಹಾಗೆಯೇ ರುವಾಂಡಾ, ಎಲ್ ಸಾಲ್ವಡಾರ್‌ನ ಪೊಟ್ಟಣದ ಮೇಲೆ ಬೋರ್ಬನ್ ಎಂದಿರುತ್ತದೆ. ರೆಡ್, ಯೆಲ್ಲೋ ಎಂಬುದು ಹಣ್ಣಿನ ಬಣ್ಣ. ‘ಪಿಂಕ್ ಬೋರ್ಬನ್’ ಎಂಬ ಕೊಲಂಬಿಯಾದ ದುಬಾರಿ ಕಾಫಿ ಹೆಸರಿನಲ್ಲಿ ಮಾತ್ರ ಬೋರ್ಬನ್. ಅದರ ತಳಿಪರೀಕ್ಷೆ ಇಥಿಯೋಪಿಯಾದ ಮೂಲವನ್ನು ತೋರಿಸಿದೆ. ಇವು ಯಾವುದರಲ್ಲೂ ವಿಸ್ಕಿಯಿಲ್ಲ. ಆದರೆ ‘ಬೋರ್ಬನ್ ಬ್ಯಾರಲ್ ಏಜ್ಡ್’ ಎಂದಿದ್ದರೆ ಕತೆಯೇ ಬೇರೆ. ಅದು ವಿಸ್ಕಿ ಖಾಲಿಯಾದ ಪೀಪಾಯಿಯಲ್ಲಿ ಹಸಿ ಬೀಜ ತುಂಬಿಟ್ಟು ಆ ವಾಸನೆ ಹಿಡಿಸಿ ಹುರಿದ ಕಾಫಿ. ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಎರಡೂ ಇರುತ್ತವೆ, ‘ಬ್ಯಾರಲ್’ ಎಂಬ ಪದವನ್ನು ಹುಡುಕಿ. ನೇಪಲ್ಸಿನ ‘ಕಾಫೆ ಬೋರ್ಬೋನೆ’ ಎಂಬುದು ತಳಿಯೂ ಅಲ್ಲ, ವಿಸ್ಕಿಯೂ ಅಲ್ಲ. ಆ ಊರನ್ನು ಆಳಿದ ರಾಜಮನೆತನದ ಹೆಸರಿಟ್ಟುಕೊಂಡ ಕಂಪನಿ.

ವೆನಿಲ್ಲಾದ ವಿಷಯ ನಮ್ಮ ಮಲೆನಾಡು, ದಕ್ಷಿಣ ಕನ್ನಡದ ರೈತರಿಗೆ ಹತ್ತಿರದ್ದು. ವೆನಿಲ್ಲಾ ಮೆಕ್ಸಿಕೋದ ಬಳ್ಳಿ. ಬೋರ್ಬನ್ ದ್ವೀಪದಲ್ಲಿ ನೆಟ್ಟಾಗ ಹೂ ಬಿಟ್ಟಿತೇ ಹೊರತು ಕಾಯಿ ಕಟ್ಟಲಿಲ್ಲ, ಪರಾಗ ಸೇರಿಸುವ ಮೆಕ್ಸಿಕೋದ ಜೇನುನೊಣ ದ್ವೀಪದಲ್ಲಿರಲಿಲ್ಲ. 1841ರಲ್ಲಿ, ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಒಂದು ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಹೂವಿನ ಪೊರೆ ಎತ್ತಿ ಪರಾಗ ಒತ್ತುವ ಉಪಾಯ ಕಂಡುಹಿಡಿದ. ಇಡೀ ಜಗತ್ತಿನ ವೆನಿಲ್ಲಾ ಕೃಷಿ ಅದರ ಮೇಲೆ ನಿಂತಿತು. ಅವನು ಮಾತ್ರ 1880ರಲ್ಲಿ ಬಡತನದಲ್ಲೇ ತೀರಿಕೊಂಡ. 2000ದ ಆಸುಪಾಸಿನಲ್ಲಿ ಬೆಲೆ ಗಗನಕ್ಕೇರಿದಾಗ ನಮ್ಮ ಅಡಿಕೆ, ಕಾಫಿ ತೋಟಗಳಲ್ಲಿ ಬಳ್ಳಿ ಹಬ್ಬಿಸಿ, ಬೆಳಿಗ್ಗೆ ಅರಳಿ ಅದೇ ದಿನ ಬಾಡುವ ಹೂವಿಗೆ ಒಂದೊಂದಾಗಿ ಕೈಯಿಂದ ಪರಾಗಸ್ಪರ್ಶ ಮಾಡಿದವರೆಲ್ಲ ಬಳಸಿದ್ದು ಆ ಹುಡುಗನ ಕೈಚಳಕವನ್ನೇ. ಆಮೇಲೆ ಬೆಲೆ ಕುಸಿದು ಎಷ್ಟೋ ಜನ ಬಳ್ಳಿ ಕಿತ್ತದ್ದೂ ಆಯಿತು. ಬೇರೆ ಬೆಳೆಗಾರರ ಮುಂದೆ ಈ ಹುಡುಗನ ಹೆಸರನ್ನು ಒಮ್ಮೆ ಹೇಳಿ, ಅವನಿಗೆ ಆ ಗೌರವ ಸಲ್ಲಬೇಕು.

ಹೀಗಾಗಿ ‘ಬೋರ್ಬನ್ ವೆನಿಲ್ಲಾ’ ಎಂದರೆ ಮಡಗಾಸ್ಕರ್, ಕೊಮೊರೊಸ್, ರೆಯೂನಿಯನ್ ಕಡೆಯ ವೆನಿಲ್ಲಾ, ಅಷ್ಟೆ. ಐಸ್‌ಕ್ರೀಮಿನ ಡಬ್ಬಿಯ ಮೇಲೆ ಕಂಡರೆ ಹೆದರಬೇಡಿ. ಇಲ್ಲಿ ಒಂದು ಸೂಕ್ಷ್ಮವಿದೆ: ದ್ರವರೂಪದ ‘ವೆನಿಲ್ಲಾ ಎಕ್ಸ್‌ಟ್ರಾಕ್ಟ್’ ಯಾವ ಹೆಸರಿನದಾದರೂ ಅದರಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ, ಅಮೆರಿಕದ ನಿಯಮದಲ್ಲಿ ಕನಿಷ್ಠ ಶೇ. 35. ಕಾಯಿಯ ಸಾರವನ್ನು ಎಳೆಯುವುದೇ ಅದರಿಂದ. ಪೂರ್ತಿ ಬೇಡ ಎನ್ನುವವರು ಒಣ ಕಾಯಿಯನ್ನೇ ಸೀಳಿ ಬೀಜ ಕೆರೆದು ಹಾಕಿಕೊಳ್ಳಲಿ.

ಗುಲಾಬಿಯದೂ ಇದೇ ದ್ವೀಪ. ತೋಟದ ಬೇಲಿಗೆ ಹಾಕಿದ್ದ ಡಮಾಸ್ಕ್ ಗುಲಾಬಿ, ಚೀನಾ ಗುಲಾಬಿ ತಾವಾಗಿಯೇ ಕೂಡಿ 19ನೇ ಶತಮಾನದ ಮೊದಲಲ್ಲಿ ಅಲ್ಲೊಂದು ಹೊಸ ಬಗೆ ಹುಟ್ಟಿತು. ಅದರಿಂದ ಬೆಳೆದ ಗುಂಪಿಗೆ ಬೋರ್ಬನ್ ಗುಲಾಬಿ ಎನ್ನುತ್ತಾರೆ. ದಕ್ಷಿಣ ಭಾರತದ ಹೂವಿನ ಬೆಳೆಗಾರರು ‘ಎಡ್ವರ್ಡ್’ ಎಂದು ಕರೆಯುವ, ಹಾರಕ್ಕೆ ಬಳಸುವ ಘಮಘಮ ಗುಲಾಬಿ ಈ ಗುಂಪಿನದೇ. ಅತ್ತರು, ಸೋಪಿನ ವಿವರಗಳಲ್ಲಿ ‘ಬೋರ್ಬನ್ ಜಿರೇನಿಯಂ’, ‘ಬೋರ್ಬನ್ ವೆಟಿವರ್’ ಎಂದು ಕಂಡರೆ ಅದೂ ದ್ವೀಪದ ಎಣ್ಣೆ; ವೆಟಿವರ್ ಎಂದರೆ ನಮ್ಮ ಲಾವಂಚ.

ಹೆಜ್ಜೆ 7: ಇತಿಹಾಸ, ಪತ್ರಿಕೆ ಓದುವಾಗ

ಇಲ್ಲಿ ಹೆಚ್ಚು ತೊಡಕಿಲ್ಲ. ಫ್ರಾನ್ಸಿನ 14, 15, 16ನೇ ಲೂಯಿಗಳು ಬೋರ್ಬನ್ ವಂಶದವರು. ಕ್ರಾಂತಿಯ ನಂತರ ಅದೇ ವಂಶ 1814ರಲ್ಲಿ ಮರಳಿ ಬಂದು 1830ರವರೆಗೆ ಆಳಿತು. ಸ್ಪೇನಿನಲ್ಲಿ 1700ರಲ್ಲಿ ಪಟ್ಟಕ್ಕೇರಿದ ಶಾಖೆ ನಡುನಡುವೆ ಕಡಿದರೂ ಇಂದಿಗೂ ಇದೆ. ಈಗಿನ ದೊರೆ ಆರನೇ ಫೆಲಿಪೆ ಆ ವಂಶದವರೇ. ಪತ್ರಿಕೆಯಲ್ಲಿ ‘ಪಾಲೇ ಬೂರ್ಬೋನ್’ ಎಂದಿದ್ದರೆ ಫ್ರಾನ್ಸಿನ ಸಂಸತ್ತಿನ ಕೆಳಮನೆ ಸೇರುವ ಕಟ್ಟಡ. ಅಮೆರಿಕದ 19ನೇ ಶತಮಾನದ ರಾಜಕೀಯದಲ್ಲಿ ‘ಬೋರ್ಬನ್ ಡೆಮಾಕ್ರಾಟ್’ ಎಂದರೆ ಹಳೆಯದಕ್ಕೆ ಅಂಟಿಕೊಂಡ ಪಂಗಡ; ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಆ ಕಡೆಯವರು. ಕಾಲ ಬದಲಾದರೂ ಬದಲಾಗದ ರಾಜಕಾರಣಿಯನ್ನು ಬೋರ್ಬನ್ ಎಂದು ಕರೆಯುವ ರೂಢಿ ಇಂಗ್ಲಿಷಿನಲ್ಲಿ ಉಳಿದಿದೆ, ಈಗ ಅಪರೂಪ.

ಹೆಜ್ಜೆ 8: ಉಚ್ಚಾರಣೆ ಮತ್ತು ಕನ್ನಡದಲ್ಲಿ ಬರೆಯುವುದು

ವಿಸ್ಕಿಯನ್ನು, ನ್ಯೂ ಆರ್ಲಿಯನ್ಸಿನ ಬೀದಿಯನ್ನು ಅಮೆರಿಕನ್ನರು ‘ಬರ್ಬನ್’ ಎನ್ನುತ್ತಾರೆ. ಅಲ್ಲಿ ‘ಬೋರ್ಬನ್’ ಎಂದರೆ ಎದುರಿನವರು ಒಂದು ಕ್ಷಣ ತಡವರಿಸಬಹುದು. ಬ್ರಿಟನ್ನಿನಲ್ಲಿ ಬಿಸ್ಕತ್ತಿಗೆ ‘ಬೋರ್ಬನ್’, ‘ಬೂರ್ಬನ್’ ಎರಡೂ ನಡೆಯುತ್ತವೆ. ರಾಜವಂಶಕ್ಕೆ ‘ಬೂರ್ಬನ್’. ನಮ್ಮ ಅಂಗಡಿಯಲ್ಲಿ ಹೇಗೆ ಕೇಳಿದರೂ ಕೈಗೆ ಬರುವುದು ಬಿಸ್ಕತ್ತೇ, ಅಲ್ಲಿ ನಾಲಿಗೆ ತಿದ್ದಿಕೊಳ್ಳುವ ಅಗತ್ಯವಿಲ್ಲ.

ಅನುವಾದ ಮಾಡುವವರಿಗೆ ನನ್ನ ಸಲಹೆ: ಮೊದಲ ಸಲ ಬಂದಾಗ ಜೊತೆಗೊಂದು ಕನ್ನಡದ ಆಸರೆ ಕೊಡಿ. ‘ಬರ್ಬನ್ ವಿಸ್ಕಿ’, ‘ಬೂರ್ಬನ್ ಅರಸರು’, ‘ಬೋರ್ಬನ್ ತಳಿಯ ಕಾಫಿ’ ಎಂದು ಬರೆದರೆ ಓದುಗ ಎಡವುವುದಿಲ್ಲ. ಕಾದಂಬರಿಯ ಅಮೆರಿಕನ್ ಪತ್ತೇದಾರ ಮೇಜಿನ ಖಾನೆ ಎಳೆದು ‘ಬೋರ್ಬನ್ ತೆಗೆದ’ ಎಂದಷ್ಟೇ ಬರೆದರೆ, ಕನ್ನಡದ ಓದುಗರಲ್ಲಿ ಅರ್ಧ ಮಂದಿಗೆ ಅವನು ಬಿಸ್ಕತ್ತು ತಿನ್ನಲು ಹೊರಟಂತೆ ಕಾಣುತ್ತದೆ. ಅಲ್ಲಿ ವಿಸ್ಕಿ ಎಂದು ಬಿಡಿಸಿ ಬರೆಯಿರಿ.